ಡೊಳ್ಳಿನ ಪೆಟ್ಟು ಚುರುಕಾದರೆ ಹೆಜ್ಜೆಯೂ ಚುರುಕಾಗಿ ಕಾಣುವುದೇಕೆ?

ಸವಳಂಗ, ನ್ಯಾಮತಿ, ಹೊನ್ನಾಳಿ ಕಡೆ ಡೊಳ್ಳು ಕುಣಿತ ನೋಡಿದವರಿಗೆ ಈ ಅನುಭವ ಹೊಸದಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ. ಮೊದಲು ನಿಧಾನದ ಪೆಟ್ಟು. ಅದು ಚುರುಕಾಗುತ್ತಾ ಹೋದಂತೆ ಇಡೀ ತಂಡವೇ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಕುಣಿಯುವವರು ನಿಜಕ್ಕೂ ವೇಗ ಹೆಚ್ಚಿಸುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಮಗೆ ಕಂಡ ವೇಗವೆಲ್ಲ ಅವರ ಕಾಲಿನದ್ದೇ?

ಪೂರ್ತಿ ಅಲ್ಲ. ಯಾವುದು ಎಲ್ಲಿದೆ ಎಂಬ ವಿಷಯದಲ್ಲಿ ಮಿದುಳು ಕಣ್ಣನ್ನು ಹೆಚ್ಚು ನಂಬುತ್ತದೆ. ಸಿನಿಮಾ ಮಂದಿರದಲ್ಲಿ ದನಿ ಸ್ಪೀಕರಿನಿಂದ ಬಂದರೂ ನಟನ ಬಾಯಿಂದಲೇ ಬಂದಂತೆ ಅನಿಸುವುದು ಇದಕ್ಕೇ. ಯಾವುದು ಯಾವಾಗ ಆಯಿತು ಎಂಬ ಪ್ರಶ್ನೆ ಬಂದಾಗ ಮಾತ್ರ ಕಿವಿಯ ಮಾತೇ ಮೇಲು, ಏಕೆಂದರೆ ಸಮಯದ ಸಣ್ಣ ಸಣ್ಣ ಅಂತರಗಳನ್ನು ಕಿವಿ ಕಣ್ಣಿಗಿಂತ ಚೆನ್ನಾಗಿ ಗುರುತಿಸುತ್ತದೆ. 2000ರಲ್ಲಿ ಲದನ್ ಶಮ್ಸ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ದೀಪ ಮಿನುಗಿದ್ದು ಒಂದೇ ಸಲ, ಜೊತೆಗೆ ಎರಡು ‘ಬೀಪ್’. ನೋಡಿದವರಿಗೆ ದೀಪ ಎರಡು ಸಲ ಮಿನುಗಿದಂತೆ ಕಂಡಿತು! ಮಿನುಗುವ ಬೆಳಕಿನ ಜೊತೆ ಕೇಳುವ ಶಬ್ದದ ಗತಿ ಏರಿಸಿದರೆ ಮಿನುಗೂ ವೇಗವಾದಂತೆ ತೋರುತ್ತದೆ ಎಂಬುದು ಅದಕ್ಕೂ ಮೊದಲೇ ತಿಳಿದಿತ್ತು.

ಹಾಗೆಂದು ತಾಳ ಹಾಕಿ ಕಣ್ಣಿಗೆ ಏನು ಬೇಕಾದರೂ ತೋರಿಸಬಹುದು ಎಂದಲ್ಲ. ಎರಡರ ಗತಿ ಹತ್ತಿರ ಹತ್ತಿರ ಇದ್ದರೆ ಮಾತ್ರ ಮಿದುಳು ಒಂದಕ್ಕೊಂದು ಬೆಸೆಯುತ್ತದೆ. ತೀರಾ ದೂರವಾದರೆ ಬೇರೆ ಬೇರೆ ಎಂದೇ ಬಿಡುತ್ತದೆ. ಪ್ರಭಾವ ಹಿಮ್ಮುಖವಾಗಿಯೂ ಸಾಗುತ್ತದೆ. 2016ರಲ್ಲಿ ಜಸ್ಟಿನ್ ಲಂಡನ್ ಮತ್ತು ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದ ಸಂಶೋಧಕರು ಹಾಡಿನ ಜೊತೆ ಕುಣಿಯುವ ಗೆರೆ ಆಕೃತಿಗಳನ್ನು ತೋರಿಸಿದರು. ಹಾಡಿನ ಗತಿ ಬದಲಾಗದಿದ್ದರೂ, ಆಕೃತಿ ಹುರುಪಿನಿಂದ ಕುಣಿದಾಗ ಜನರಿಗೆ ಹಾಡೇ ವೇಗವಾಗಿ ಕೇಳಿಸಿತು.

ನಮಗೆ ಇದು ಕುಣಿತಕ್ಕಿಂತ ವಾಟ್ಸ್‌ಆ್ಯಪ್ ವಿಡಿಯೊಗಳ ವಿಷಯದಲ್ಲಿ ಹೆಚ್ಚು ಮುಖ್ಯ ಅನಿಸುತ್ತದೆ. ಅದೇ 2016ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ಅಪರಾಧದ ದೃಶ್ಯವನ್ನು ನಿಧಾನಗತಿಯಲ್ಲಿ ನೋಡಿದವರು ‘ಅವನು ಬೇಕೆಂದೇ ಮಾಡಿದ’ ಎಂದು ಹೆಚ್ಚಾಗಿ ನಂಬಿದರು. ಅಲ್ಲಿ ಬದಲಾಗಿದ್ದು ಚಿತ್ರದ ಗತಿ, ಸಂಗೀತವಲ್ಲ. ಆದರೂ ನೋಡುವ ಗತಿ ತೀರ್ಪನ್ನೇ ತಿರುಗಿಸಬಲ್ಲದು ಎಂಬುದಂತೂ ಸ್ಪಷ್ಟ. ಊರಿನ ಗಲಾಟೆಯದ್ದೋ ಅಪಘಾತದ್ದೋ ವಿಡಿಯೊ ಅಬ್ಬರದ ಹಾಡು ಅಂಟಿಸಿಕೊಂಡು ಬಂದರೆ, ಶಬ್ದ ಆಫ್ ಮಾಡಿ ಇನ್ನೊಮ್ಮೆ ನೋಡಿ. ಬೈಕು ಎಷ್ಟು ವೇಗದಲ್ಲಿತ್ತು, ಯಾರು ಮೊದಲು ಕೈ ಎತ್ತಿದರು ಎಂದು ಹೇಳುವುದು ಆಮೇಲೆ.