ಬಾಗಿಲು ಮುಚ್ಚಿದೆ, ಮನೆ ಬಿದ್ದಿಲ್ಲ

ಕಳೆದ ಶನಿವಾರ ಸಂಜೆ ನಮ್ಮ ಬಡಾವಣೆಯ ಪರಿಚಯದವರೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗ ಎಂಜಿನಿಯರಿಂಗ್ ಕೊನೆಯ ವರ್ಷದವನು. ಕಂಕುಳಲ್ಲಿ ಲ್ಯಾಪ್‌ಟಾಪು, ಮುಖ ಸಪ್ಪೆ.

‘ಸೋಮವಾರ ಪ್ರಾಜೆಕ್ಟ್ ವರದಿ ಕೊಡಬೇಕಂತೆ ಸಾರ್. ಇದು ಏಳ್ತಾನೇ ಇಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡೋದು ಬಿಟ್ಟರೆ ದಾರಿಯಿಲ್ಲ, ಒಳಗಿರೋದು ಯಾವುದೂ ಸಿಗಲ್ಲ ಅಂದ್ರು’ ಎಂದರು ತಂದೆ. ಹುಡುಗ ಅಪ್ಪ ಬಯ್ದಾರೆಂದು ಎರಡು ದಿನ ವಿಷಯವನ್ನೇ ಮುಚ್ಚಿಟ್ಟಿದ್ದನಂತೆ.

ಯಂತ್ರ ಹಾಕಿ ನೋಡಿದೆ. ಕಪ್ಪು ಪರದೆ, ಮೇಲೊಂದು ಮೂಲೆಯಲ್ಲಿ ‘ಗ್ರಬ್’ ಎಂಬ ಪದ, ಪಕ್ಕದಲ್ಲಿ ಮಿಣುಕುವ ಗೆರೆ. ‘ಏನು ಮಾಡಿದೆಯಪ್ಪಾ?’ ಎಂದು ಕೇಳಿದೆ. ಲ್ಯಾಪ್‌ಟಾಪಿನಲ್ಲಿ ಮೊದಲಿಂದಲೂ ವಿಂಡೋಸ್ ಇತ್ತು. ಲ್ಯಾಬಿನ ಕೆಲಸಕ್ಕೆಂದು ಪಕ್ಕದಲ್ಲೇ ಉಬುಂಟು ಲಿನಕ್ಸ್ ಹಾಕಿಕೊಂಡಿದ್ದ. ಜಾಗ ಸಾಲದಾಯಿತು. ವಿಂಡೋಸ್ ಒಳಗಿಂದಲೇ ಉಬುಂಟು ಇದ್ದ ಪಾರ್ಟಿಷನ್ನನ್ನು ಅಳಿಸಿದ. ಮುಂದಿನ ಸಲ ಯಂತ್ರ ಹಾಕಿದಾಗ ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ.

ನಾನು ಮಾಡಿದ್ದು ಇಷ್ಟೇ. ಪವರ್ ಗುಂಡಿ ಒತ್ತಿಹಿಡಿದು ಯಂತ್ರ ಆರಿಸಿದೆ. ಮತ್ತೆ ಹಾಕಿದೊಡನೆ ಎಫ್-12 ಕೀಲಿಯನ್ನು ಒತ್ತುತ್ತ ಹೋದೆ. ಪಟ್ಟಿಯೊಂದು ಬಂತು. ಅದರಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬುದನ್ನು ಆರಿಸಿದೆ. ಅರ್ಧ ನಿಮಿಷದಲ್ಲಿ ವಿಂಡೋಸ್ ತೆರೆದುಕೊಂಡಿತು. ವರದಿ ಇಟ್ಟಲ್ಲೇ ಇತ್ತು. ಬೇರೆ ಏನನ್ನೂ ಮುಟ್ಟುವ ಮೊದಲು ಅದನ್ನು ಪೆನ್‌ಡ್ರೈವಿಗೆ ನಕಲು ಮಾಡಿಸಿದೆ.

ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಗಣಕ ಎಚ್ಚರಗೊಳ್ಳುವ ಬಗೆಯನ್ನು ತಿಳಿದುಕೊಂಡರೆ ಸಾಕು.

ವಿದ್ಯುತ್ ಹರಿದೊಡನೆ ಮೊದಲು ಏಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಪುಟ್ಟ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯಾಸ್ ಎಂದು ಹೆಸರು. ಅದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದುತ್ತಿತ್ತು. ಅದರಲ್ಲಿ ಆರಂಭದ ಆಜ್ಞೆಗಳಿಗೆ ಸಿಗುತ್ತಿದ್ದುದು 446 ಬೈಟು ಮಾತ್ರ. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಇಬ್ಬರಿಗೆ ಎಡೆಯಿಲ್ಲ. ನಂತರ ಬಂದವನು ಮೊದಲಿದ್ದವನನ್ನು ಅಳಿಸಿ ಕೂರುತ್ತಿದ್ದ. ‘ಮೊದಲು ವಿಂಡೋಸ್, ಆಮೇಲೆ ಲಿನಕ್ಸ್’ ಎಂಬ ಹಿರಿಯರ ಮಾತು ಹುಟ್ಟಿದ್ದು ಹೀಗೆ.

ಇಂದಿನ ಯಂತ್ರಗಳಲ್ಲಿ ಬಯಾಸ್‌ನ ಜಾಗಕ್ಕೆ ಯುಇಎಫ್‌ಐ ಬಂದಿದೆ. ಇದಕ್ಕೆಂದೇ ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಷನ್ ಎಂಬ ಪ್ರತ್ಯೇಕ ಭಾಗವಿದೆ. ವಿಂಡೋಸ್ ಸಾಮಾನ್ಯವಾಗಿ ಇದಕ್ಕೆ 100 ಮೆಗಾಬೈಟ್ ಮೀಸಲಿಡುತ್ತದೆ. ಇಲ್ಲಿ ವಿಂಡೋಸಿಗೊಂದು, ಉಬುಂಟುವಿಗೊಂದು ಫೋಲ್ಡರ್. ಯಾರನ್ನು ಮೊದಲು ಕರೆಯಬೇಕೆಂಬ ಸರದಿ ಪಟ್ಟಿ ಮದರ್‌ಬೋರ್ಡಿನಲ್ಲಿ. ನಮ್ಮ ಹುಡುಗನ ಯಂತ್ರದಲ್ಲಿ ಉಬುಂಟುವಿನ ಗ್ರಬ್ ಸರದಿಯಲ್ಲಿ ಮೊದಲಿತ್ತು. ಅದು ಎದ್ದು ತನ್ನ ಉಳಿದ ಕಡತಗಳನ್ನು ಹುಡುಕಿತು. ಅವಿದ್ದ ಪಾರ್ಟಿಷನ್ನೇ ಇಲ್ಲ. ದಿಕ್ಕು ತೋಚದೆ ನಿಂತುಬಿಟ್ಟಿತು. ಸೆಟಪ್‌ಗೆ ಹೋಗಿ ಸರದಿಯಲ್ಲಿ ವಿಂಡೋಸನ್ನು ಮೇಲಕ್ಕೆ ತಂದೆವು, ಅಲ್ಲಿಗೆ ಮುಗಿಯಿತು. ಲಿನಕ್ಸ್ ತೆಗೆಯುವವರು ಈ ಸರದಿಯನ್ನು ಮೊದಲೇ ಬದಲಾಯಿಸಿ ಆಮೇಲೆ ಪಾರ್ಟಿಷನ್ ಅಳಿಸಿದರೆ ತೊಂದರೆಯೇ ಬಾರದು.

ಇದರ ತಿರುಗುಮುರುಗೂ ಉಂಟು. ದೊಡ್ಡ ಅಪ್‌ಡೇಟ್ ಆದ ಮೇಲೆ ಯಂತ್ರ ನೇರವಾಗಿ ವಿಂಡೋಸಿಗೇ ಹೋಗುತ್ತದೆ, ಲಿನಕ್ಸ್ ಆರಿಸುವ ಪಟ್ಟಿ ಕಾಣುವುದಿಲ್ಲ. ಬಹಳ ಸಲ ಲಿನಕ್ಸ್ ಎಲ್ಲೂ ಹೋಗಿರುವುದಿಲ್ಲ, ಸರದಿಯಲ್ಲಿ ಕೆಳಗಿಳಿದಿರುತ್ತದೆ ಅಷ್ಟೇ. ಮೊದಲು ಅದನ್ನೇ ನೋಡಿ. ಗ್ರಬ್ ಪಟ್ಟಿ ಬಂದು ಅದರಲ್ಲಿ ವಿಂಡೋಸ್ ಮಾತ್ರ ಕಾಣದಿದ್ದರೆ ಕಾರಣ ಬೇರೆ. 2021ರಲ್ಲಿ ಬಂದ 2.06ನೇ ಆವೃತ್ತಿಯಿಂದ ಗ್ರಬ್ ಇತರ ವ್ಯವಸ್ಥೆಗಳನ್ನು ತಾನಾಗಿ ಹುಡುಕುವುದನ್ನು ನಿಲ್ಲಿಸಿದೆ. ಗ್ರಬ್‌ನ ಸಂರಚನಾ ಕಡತದಲ್ಲಿ ‘ಓಎಸ್-ಪ್ರೋಬರ್’ ಎಂಬ ಶೋಧಕವನ್ನು ಚಾಲೂ ಮಾಡಿ ‘ಅಪ್‌ಡೇಟ್-ಗ್ರಬ್’ ಆಜ್ಞೆ ಕೊಡಬೇಕು.

ಗ್ರಬ್ ನಿಜವಾಗಿಯೂ ಕೆಟ್ಟಿದ್ದರೆ ಲಿನಕ್ಸ್‌ನ ಲೈವ್ ಪೆನ್‌ಡ್ರೈವ್ ಬೇಕು. ಅದನ್ನು ಯುಇಎಫ್‌ಐ ಕ್ರಮದಲ್ಲೇ ಆರಂಭಿಸಿ. ಲಿನಕ್ಸ್ ಇರುವ ಪಾರ್ಟಿಷನ್ನನ್ನೂ, ಅದರೊಳಗೆ ‘ಬೂಟ್’ ಫೋಲ್ಡರಿನ ‘ಇಎಫ್‌ಐ’ ಎಂಬಲ್ಲಿ ಇಎಫ್‌ಐ ಪಾರ್ಟಿಷನ್ನನ್ನೂ ಜೋಡಿಸಿ. ‘ಸಿಎಚ್-ರೂಟ್’ ಮೂಲಕ ಒಳಹೊಕ್ಕು ‘ಗ್ರಬ್-ಇನ್‌ಸ್ಟಾಲ್’, ಬಳಿಕ ‘ಅಪ್‌ಡೇಟ್-ಗ್ರಬ್’ ಓಡಿಸಿ. ಆಜ್ಞೆಗಳ ಗೊಡವೆ ಬೇಡ ಎನ್ನುವವರಿಗೆ ‘ಬೂಟ್-ರಿಪೇರ್’ ಎಂಬ ಉಚಿತ ತಂತ್ರಾಂಶವಿದೆ. ವಿಂಡೋಸಿನ ಬೂಟ್ ಕಡತಗಳೇ ಕೆಟ್ಟಿದ್ದರೆ ವಿಂಡೋಸ್ ಪೆನ್‌ಡ್ರೈವಿನ ರಿಪೇರಿ ವಿಭಾಗದಲ್ಲಿ ‘ಬಿಸಿಡಿ-ಬೂಟ್’ ಆಜ್ಞೆ ಅವನ್ನು ಮತ್ತೆ ಬರೆದುಕೊಡುತ್ತದೆ.

ಎರಡು ಎಚ್ಚರಿಕೆ ಹೇಳಲೇಬೇಕು. ಇಎಫ್‌ಐ ಪಾರ್ಟಿಷನ್ನಿಗೆ ಸಿ, ಡಿ ಎಂಬ ಅಕ್ಷರ ಇರುವುದಿಲ್ಲ. ಕೆಲಸಕ್ಕೆ ಬಾರದ್ದೆಂದು ತಿಳಿದು ಅದನ್ನು ಅಳಿಸಿದವರಿದ್ದಾರೆ, ಹಾಗೆ ಮಾಡಬೇಡಿ. ಎರಡನೆಯದು ಬಿಟ್‌ಲಾಕರ್. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಗುಪ್ತಲಿಪಿಯ ಬೀಗ ಮೊದಲೇ ಬಿದ್ದಿರುತ್ತದೆ. ಬೂಟ್ ವ್ಯವಸ್ಥೆ ಬದಲಾದರೆ ಅದು 48 ಅಂಕಿಗಳ ಕೀಲಿಸಂಖ್ಯೆ ಕೇಳಬಹುದು. ಅದಿಲ್ಲದಿದ್ದರೆ ಕಡತಗಳು ನಿಜಕ್ಕೂ ಹೋದವೆಂದೇ ಲೆಕ್ಕ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಹಲವರ ಯಂತ್ರಗಳಲ್ಲಿ ಲಿನಕ್ಸ್ ಏಳಲಿಲ್ಲ. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆರಿಸಬೇಕಾಯಿತು. ಅಂಥ ಸಂದರ್ಭಕ್ಕೆ ಈ ಸಂಖ್ಯೆ ಕೈಯಲ್ಲಿರಬೇಕು. ವಿಂಡೋಸಿನೊಳಗಿನಿಂದ, ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಲ್ಯಾಪ್‌ಟಾಪಿನಲ್ಲೇ ಬರೆದಿಟ್ಟರೆ ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ.

ಪೋಷಕರಿಗೊಂದು ಮಾತು. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದಾಗ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವಯಸ್ಸು 21. ಗಣಕವನ್ನು ಬಿಚ್ಚಿ ನೋಡುವ, ಕೆಡಿಸಿ ಕಲಿಯುವ ವಯಸ್ಸು ಅದು. ಮಕ್ಕಳು ಏನನ್ನೋ ಮಾಡಿ ಯಂತ್ರ ನಿಂತರೆ ಬಯ್ಯುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಕೊನೆಗೆ ಏನು ಮಾಡಿದೆ?’ ಹೆದರಿದ ಮಕ್ಕಳು ಇದಕ್ಕೆ ಉತ್ತರ ಹೇಳುವುದಿಲ್ಲ. ರಿಪೇರಿಗೆ ಬೇಕಾದದ್ದು ಆ ಉತ್ತರವೇ. ಯಾರಾದರೂ ಫಾರ್ಮ್ಯಾಟ್ ಎಂದೊಡನೆ ತಲೆಯಾಡಿಸಲೂ ಬೇಡಿ. ಅದನ್ನು ಯಾವಾಗ ಬೇಕಾದರೂ ಮಾಡಬಹುದು; ಮಾಡಿದ ಮೇಲೆ ಹಿಂದೆ ಹೋಗುವುದು ಕಷ್ಟ.

ವಿದ್ಯಾರ್ಥಿಗಳಿಗೂ ಒಂದು ಮಾತು. ಈ ಹುಡುಗನಿಗೆ ಅದೃಷ್ಟವಿತ್ತು. ಡಿಸ್ಕೇ ಸತ್ತಿದ್ದರೆ ಎಫ್-12 ಒತ್ತಿ ಫಲವಿರಲಿಲ್ಲ. ನಾಲ್ಕು ತಿಂಗಳ ದುಡಿಮೆಗೆ ಒಂದೇ ಒಂದು ಪ್ರತಿ ಇಟ್ಟುಕೊಂಡದ್ದು ಅವನ ನಿಜವಾದ ತಪ್ಪು. ಹೊರಡುವಾಗ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಳ್ಳಹೊರಟ. ಅವನ ತಂದೆ ಕೈಚಾಚಿ ಇಸಿದುಕೊಂಡರು. ‘ಇದು ನನ್ನ ಹತ್ತಿರ ಇರಲಿ. ಎರಡೂ ಒಂದೇ ಚೀಲದಲ್ಲಿ ಬೇಡ’ ಎಂದರು.