ತೋಟದ ಕಾವಲಿಗೆ ನಾಯಿ ಕೊಳ್ಳಬ್ಯಾಡ್ರಿ, ಬೀದಿದೊಂದು ತಂದು ಸರಿಯಾಗಿ ಸಾಕ್ರಿ

ಈ ವಾರ ಬೆಳೆ ಬಗ್ಗೆ ಅಲ್ಲ, ಬೆಳೆ ಕಾಯೋ ನಾಯಿ ಬಗ್ಗೆ ಬರೀತೀನಿ. ನಮ್ಮ ಕಡೆ ರೈತ ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ಪದೇ ಪದೇ ಬರೋ ಪ್ರಶ್ನೆ ಇದು: "ಅಣ್ಣಾ, ತೋಟಕ್ಕ ನಾಯಿ ಬೇಕಾಗ್ಯಾದ. ಜರ್ಮನ್ ಶೆಫರ್ಡ್ ಮರಿ ಎಲ್ಲಿ ಸಿಗ್ತದ, ಎಷ್ಟಕ್ಕ ಸಿಗ್ತದ?"

ಕೇಳೋದರಲ್ಲಿ ತಪ್ಪಿಲ್ಲ. ಕಮಲಾಪುರದ ಕೆಂಪು ಬಾಳೆ ಕೈಗೆ ಬರಬೇಕಾದರೆ ಸುಮಾರು ಒಂದೂವರೆ ವರ್ಷ ಕಾಯಬೇಕು. ಅಷ್ಟು ದಿನ ಕಾದ ಗೊನೆಯನ್ನು ಮಂಗ, ಹಂದಿ ಒಂದೇ ರಾತ್ರಿಯಲ್ಲಿ ಹಾಳು ಮಾಡಿದರೆ ಹೊಟ್ಟೆ ಉರೀತದೆ. ಅದರ ಮೇಲೆ ಮೋಟಾರಿನ ಕೇಬಲ್ ಕಳ್ಳರ ಕಾಟ ಬೇರೆ. ಕಾವಲು ಬೇಕೇ ಬೇಕು. ಆದರೆ ಅದಕ್ಕಾಗಿ ಸಾವಿರಾರು ರೂಪಾಯಿ ಕೊಟ್ಟು ತಳಿ ನಾಯಿ ತರಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಕಲಬುರಗಿ ಬೀದಿಯಲ್ಲಿ ಬೆಳೆದ ಒಂದು ನಾಯಿ ಸಾಕು. ಒಂದೇ ಮಾತು: ತಂದ ಮೇಲೆ ಆಕಳು, ಎಮ್ಮೆ ಸಾಕಿದ ಹಾಗೆ ಲೆಕ್ಕ ಇಟ್ಟು ಸಾಕಬೇಕು.

ಬೀದಿ ನಾಯಿ ಯಾಕೆ?

ಮೊದಲನೆಯದು ಬಿಸಿಲು. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಡೆ ಉಷ್ಣಾಂಶ 42 ಡಿಗ್ರಿ ದಾಟೋದು ಹೊಸದಲ್ಲ. ದಪ್ಪ ಎರಡು ಪದರ ಕೂದಲಿನ ಚಳಿ ದೇಶದ ತಳಿ ಇಲ್ಲಿ ಏದುಸಿರು ಬಿಡ್ತಾ ಬಿದ್ದಿರ್ತದೆ. ನಮ್ಮ ನಾಡ ನಾಯಿಗೆ ಕೂದಲು ಗಿಡ್ಡ, ಮೈ ಹಗುರ. ಅದು ಈ ಬಿಸಿಲಲ್ಲೇ ಹುಟ್ಟಿ ಬೆಳೆದಿದೆ.

ಎರಡನೆಯದು ಕೆಲಸ. ತೋಟದ ನಾಯಿ ಕಚ್ಚಬೇಕಾಗಿಲ್ಲ, ಬೊಗಳಿದರೆ ಸಾಕು. ಸಪ್ಪಳ ಕೇಳಿ ಎದ್ದು ಬೊಗಳೋದು, ಪರಿಚಯ ಇಲ್ಲದವರನ್ನ ಗುರುತಿಸೋದು ಬೀದಿ ನಾಯಿಗೆ ಯಾರೂ ಕಲಿಸಬೇಕಾಗಿಲ್ಲ.

ಮೂರನೆಯದು ರೊಕ್ಕ. ಮರಿಗೆ ಕೊಡೋ ಹಣದಲ್ಲಿ ಒಂದು ಭಾಗ ಸಾಕು, ಲಸಿಕೆ, ಜಂತಿನ ಔಷಧ, ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲಾ ಮುಗೀತದೆ.

"ಹಂಗಾದ್ರ ಮುಧೋಳ ನಾಯಿ?" ಅಂತ ಕೇಳ್ತಾರೆ. ನಾನು ತೋಟಗಾರಿಕೆ ಓದಿದ್ದು ಬಾಗಲಕೋಟೆಯಲ್ಲಿ, ಮುಧೋಳ ಅಲ್ಲಿಗೆ ಹತ್ತಿರ. ಆ ತಳಿ ನಮ್ಮ ಹೆಮ್ಮೆ. ಅದಕ್ಕಾಗಿಯೇ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಆದರೆ ಅದು ಕಣ್ಣಿಗೆ ಬಿದ್ದದ್ದನ್ನ ಅಟ್ಟಿ ಹಿಡಿಯೋ ಬೇಟೆ ನಾಯಿ. ದಿನಾ ಓಡಿಸೋಕೆ ಜಾಗ, ಸಮಯ ಇದ್ದವರು ತರಲಿ. ಎರಡು ಎಕರೆ ಬಾಳೆ ತೋಟದ ಗಿಡಕ್ಕೆ ಕಟ್ಟಿ ಹಾಕೋಕೆ ಅದನ್ನ ತರೋದು ಅನ್ಯಾಯ.

ಈಗಲೇ ಯಾಕೆ ಈ ಮಾತು?

2025ರ ಆಗಸ್ಟ್‌ನಲ್ಲಿ ದೆಹಲಿ ಬೀದಿ ನಾಯಿಗಳ ವಿಷಯ ಸುಪ್ರೀಂ ಕೋರ್ಟ್‌ನಲ್ಲಿ ದೊಡ್ಡ ಚರ್ಚೆ ಆಯ್ತು. ಎಲ್ಲಾ ನಾಯಿ ಹಿಡಿದು ಶೆಡ್ಡಿಗೆ ಹಾಕ್ರಿ ಅಂತ ಮೊದಲು ಆದೇಶ ಬಂತು. ಆಗಸ್ಟ್ 22ರಂದು ಅದನ್ನ ತಿದ್ದಿ, ಸಂತಾನಹರಣ ಮಾಡಿ, ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡಬೇಕು, ಹುಚ್ಚು ಹಿಡಿದ ಮತ್ತು ಆಕ್ರಮಣ ಮಾಡೋ ನಾಯಿ ಬಿಡಬಾರದು ಅಂದರು. ಪ್ರಾಣಿಪ್ರಿಯರು ನಾಯಿ ದತ್ತು ತಗೊಳ್ಳಬಹುದು, ಆದರೆ ಅದು ಮತ್ತೆ ಬೀದಿಗೆ ಬರದ ಹಾಗೆ ನೋಡ್ಕೊಳ್ಳೋದು ಅವರ ಜವಾಬ್ದಾರಿ ಅಂತಲೂ ಹೇಳಿದರು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗಗಳಿಂದ ನಾಯಿಗಳನ್ನ ತೆಗೀಬೇಕು ಅಂತ ಇನ್ನೊಂದು ಆದೇಶ ಬಂತು.

ತೆಗೆದ ನಾಯಿ ಎಲ್ಲಿಗೆ ಹೋಗಬೇಕು? ಎಲ್ಲಾ ಊರಲ್ಲೂ ಶೆಡ್ ಕಟ್ಟೋದು ಸುಲಭ ಅಲ್ಲ. ಜಾಗ, ಕೆಲಸ, ಎರಡು ಹೊತ್ತಿನ ಊಟ ಮೂರೂ ಕೊಡಬಲ್ಲವರು ರೈತರು. ಹಾಗಾಗಿ ಇದರಲ್ಲಿ ನಮ್ಮ ಪಾಲೂ ಇದೆ.

ಬಿಟ್ಟು ಹೋದರೆ ಅದು ಸಾಕೋದಲ್ಲ

ಇಲ್ಲಿ ಒಂದು ಕಟು ಮಾತು ಹೇಳಬೇಕು. ನಗರದ ಪರಿಚಯದವರು ಫೋನ್ ಮಾಡಿ, "ನಿಮ್ಮ ತೋಟ ದೊಡ್ಡದು ಅದಲ್ಲಾ, ನಮ್ಮ ಓಣಿ ನಾಯಿ ನಾಲ್ಕು ತಂದು ಬಿಡ್ತೀವಿ" ಅಂತಾರೆ. ಕೆಲವರು ಫೋನೂ ಮಾಡಲ್ಲ, ರಾತ್ರಿ ಹುಮನಾಬಾದ್ ರಸ್ತೆ ಬದಿಗೆ ಚೀಲ ಬಿಚ್ಚಿ ಮರಿ ಬಿಟ್ಟು ಹೋಗ್ತಾರೆ. ಹಾಗೆ ಬಂದ ನಾಯಿಗೆ ಊಟ ಇಲ್ಲ, ಒಡೆಯ ಇಲ್ಲ. ಹಸಿದು ಗುಂಪು ಕಟ್ಟಿ ಕುರಿ ಹಟ್ಟಿಗೆ ನುಗ್ಗಿದಾಗ ನಷ್ಟ ಕುರಿಗಾರನಿಗೆ, ವಿಷ ನಾಯಿಗೆ. ಹೊಲ ಅಂದರೆ ನಗರದ ಕಸದ ತೊಟ್ಟಿ ಅಲ್ಲ. ಅಂಥವರಿಗೆ ನಾನು ಹೇಳೋದು ಇಷ್ಟೇ: "ಒಂದು ಕೊಡ್ರಿ, ಲಸಿಕೆ ಹಾಕಿಸಿ ಕೊಡ್ರಿ, ಆಪರೇಷನ್ ಮಾಡಿಸಿ ಕೊಡ್ರಿ."

ಯಾವ ನಾಯಿ ಆರಿಸಬೇಕು?

ಎಲ್ಲರೂ ಮರಿ ಬೇಕು ಅಂತಾರೆ, ಅದೂ ಗಂಡು. ನನ್ನ ಸಲಹೆ ಉಲ್ಟಾ. ಒಂದೆರಡು ವರ್ಷದ, ಕಿವಿ ತುದಿ ಕತ್ತರಿಸಿದ ಗುರುತು ಇರೋ ಹೆಣ್ಣು ನಾಯಿ ನೋಡ್ರಿ. ಆ ಗುರುತು ಇದ್ದರೆ ಅದಕ್ಕೆ ಸಂತಾನಹರಣ ಆಗಿದೆ ಅಂತ ಅರ್ಥ. ಅದರ ಸ್ವಭಾವ ಏನು ಅನ್ನೋದು ಈಗಾಗಲೇ ಗೊತ್ತಿರ್ತದೆ. ಆ ಗಲ್ಲಿಯಲ್ಲಿ ಅದಕ್ಕೆ ಅನ್ನ ಹಾಕೋರನ್ನ ಕೇಳ್ರಿ: ಮಕ್ಕಳ ಹತ್ತಿರ ಹೇಗಿರ್ತದೆ, ಕೋಳಿ ಅಟ್ಟಿಸ್ತದಾ, ಯಾರಿಗಾದರೂ ಕಚ್ಚಿದೆಯಾ? ಅವರು ಬ್ಯಾಡ ಅಂದರೆ ತರಬ್ಯಾಡ್ರಿ. ಚೆನ್ನಾಗಿರೋ ಜಾಗದಿಂದ ನಾಯಿ ಎತ್ಕೊಂಡು ಬರೋದು ಉಪಕಾರ ಅಲ್ಲ.

ಮರಿಯೇ ಬೇಕು ಅಂದರೆ ಎಂಟು ವಾರ ತಾಯಿ ಹತ್ತಿರ ಇರಲಿ. ನಮ್ಮ ತೋಟದಲ್ಲಿ ಎರಡೂ ಥರದ್ದು ಇವೆ. ಲಚ್ಚಿ ನಗರದಿಂದ ಬಂದ ದೊಡ್ಡ ನಾಯಿ, ಕರಿಯ ರಸ್ತೆ ಬದಿ ಸಿಕ್ಕ ಮರಿ. ಹಂದಿ ಬಂದ ಸುದ್ದಿ ಮೊದಲು ಕೊಡೋಳು ಲಚ್ಚಿ. ಕರಿಯ ಅವಳನ್ನ ನೋಡಿ ಕಲಿತ.

ಕಾಯಂ ಸಾಕೋಕೆ ಆಗಲ್ಲ ಅನ್ನೋರು ತಾತ್ಕಾಲಿಕ ಆಶ್ರಯ ಕೊಡಬಹುದು. ಗಾಯ ಆದ ಅಥವಾ ತಾಯಿ ಇಲ್ಲದ ಮರಿಯನ್ನ ನಾಲ್ಕಾರು ವಾರ ನೋಡ್ಕೊಂಡು, ಲಸಿಕೆ ಹಾಕಿಸಿ, ಸರಿಯಾದ ಮನೆಗೆ ಕೊಡೋದು. ಎಷ್ಟು ದಿನ ಇಟ್ಕೊಳ್ತೀರಿ, ಖರ್ಚು ಯಾರದು ಅನ್ನೋದು ಮೊದಲೇ ಮಾತಾಡ್ಕೊಳ್ರಿ.

ಲಸಿಕೆ, ಜಂತು, ಉಣ್ಣಿ

ಬಂದ ಮೊದಲ ಎರಡು ವಾರ ಬೇರೆ ನಾಯಿಗಳಿಂದ ದೂರ, ಬೇಲಿ ಇರೋ ಜಾಗದಲ್ಲಿ ಇಡ್ರಿ. ಆ ಅವಧಿಯಲ್ಲೇ ಪಶು ಆಸ್ಪತ್ರೆಗೆ ತೋರಿಸ್ರಿ. ಊರಿಂದ ದೂರ ಇದ್ದರೆ 1962ಕ್ಕೆ ಫೋನ್ ಮಾಡಿ ಕೇಳ್ರಿ.

- ರೇಬಿಸ್ ಲಸಿಕೆ: ಮರಿಗೆ ಮೂರು ತಿಂಗಳಿಗೆ ಮೊದಲನೆಯದು, ಡಾಕ್ಟರ್ ಹೇಳಿದ ದಿನ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. ದೊಡ್ಡ ನಾಯಿಗೆ ಬಂದ ಕೂಡಲೇ.
- ಪಾರ್ವೊ, ಡಿಸ್ಟೆಂಪರ್ ಲಸಿಕೆ: ಆರರಿಂದ ಎಂಟು ವಾರಕ್ಕೆ ಶುರು, ಮೂರು–ನಾಲ್ಕು ವಾರಕ್ಕೊಮ್ಮೆ ಬೂಸ್ಟರ್. ರಕ್ತ ಮಿಶ್ರಿತ ಭೇದಿ ಆಗಿ ಮರಿ ಸಾಯೋದು ಹೆಚ್ಚಾಗಿ ಪಾರ್ವೊದಿಂದ.
- ಜಂತಿನ ಔಷಧ: ಮರಿಗೆ ಮೂರು ತಿಂಗಳವರೆಗೆ 15 ದಿನಕ್ಕೊಮ್ಮೆ, ದೊಡ್ಡದಕ್ಕೆ ಮೂರು ತಿಂಗಳಿಗೊಮ್ಮೆ. ತೂಕ ನೋಡಿ ಕೊಡಬೇಕು.
- ಉಣ್ಣಿ: ಕಿವಿ ಒಳಗೆ, ಬೆರಳ ಸಂದಿಯಲ್ಲಿ ವಾರಕ್ಕೊಮ್ಮೆ ನೋಡ್ರಿ. ಜ್ವರ, ಊಟ ಬಿಡೋದು, ಒಸಡು ಬೆಳ್ಳಗಾಗೋದು, ಮೂಗಿನಲ್ಲಿ ರಕ್ತ ಕಂಡರೆ ಉಣ್ಣಿ ಜ್ವರ ಇರಬಹುದು, ತಡ ಮಾಡಬ್ಯಾಡ್ರಿ.

ನಾನು ಸಾವಯವ ರೈತ. ಬೆಳೆಗೆ ಬೇವಿನ ಕಷಾಯ ಹೊಡೀತೀನಿ. ಆದರೆ ಉಣ್ಣಿಗೆ ಬೇವಿನ ಎಣ್ಣೆ ಒಂದನ್ನೇ ನಂಬಬ್ಯಾಡ್ರಿ, ಲಸಿಕೆಗೆ ಬದಲು ಗಿಡಮೂಲಿಕೆಯನ್ನಂತೂ ನಂಬಲೇಬ್ಯಾಡ್ರಿ. ಬೆಳೆಗೆ ಹೊಡೆಯೋ ಕೀಟನಾಶಕ ಪುಡಿ ನಾಯಿ ಮೈಗೆ ಹಚ್ಚೋರೂ ಇದ್ದಾರೆ. ನಾಯಿ ಮೈ ನೆಕ್ಕಿದರೆ ಅದು ಹೊಟ್ಟೆಗೇ ಹೋಗ್ತದೆ. ಮನುಷ್ಯರ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಕೂಡ ನಾಯಿಗೆ ವಿಷ ಆಗಬಹುದು.

ಸಂತಾನಹರಣ ಬಿಡಬ್ಯಾಡ್ರಿ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರ್ತದೆ, ಗರ್ಭ ಸುಮಾರು 63 ದಿನ. ನೀವು ಒಂದು ನಾಯಿ ಉಳಿಸಿ, ಅದು ಹತ್ತು ಮರಿ ರಸ್ತೆಗೆ ಬಿಟ್ಟರೆ ಲೆಕ್ಕ ತಪ್ಪಿತು.

ಊಟ

ಬರೀ ಜೋಳದ ರೊಟ್ಟಿ, ಮಜ್ಜಿಗೆ ಹಾಕಿದರೆ ಹೊಟ್ಟೆ ತುಂಬ್ತದೆ, ಮೈ ಕಟ್ಟಲ್ಲ. ರೊಟ್ಟಿ ನೆನೆಸಿ, ಅದರ ಜೊತೆ ಬೇಯಿಸಿದ ತತ್ತಿ ಅಥವಾ ಮಾಂಸ, ಬೇಯಿಸಿದ ಬ್ಯಾಳಿ ಹಾಕ್ರಿ. ಒಗ್ಗರಣೆ ಹಾಕಿದ ಸಾರು ಬ್ಯಾಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತಕಣ ಹಾಳು ಮಾಡ್ತವೆ. ದ್ರಾಕ್ಷಿ ತೋಟದವರಿಗೆ ಎಚ್ಚರಿಕೆ: ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಹೊಡೆತ ಕೊಡ್ತವೆ. ಬೇಯಿಸಿದ ಎಲುಬು ಗಂಟಲಲ್ಲಿ, ಕರುಳಲ್ಲಿ ಚುಚ್ಚಬಹುದು.

ಕುರಿ, ಮೇಕೆ ಕಡಿದಾಗ ನೀರುಗುಳ್ಳೆ ಇರೋ ಲಿವರ್, ಶ್ವಾಸಕೋಶ ಹಸಿಯಾಗಿ ನಾಯಿಗೆ ಎಸೀಬ್ಯಾಡ್ರಿ. ಆ ಗುಳ್ಳೆಯಿಂದ ನಾಯಿ ಹೊಟ್ಟೆಯಲ್ಲಿ ಲಾಡಿಹುಳ ಬೆಳೀತದೆ. ಅದರ ಮೊಟ್ಟೆ ನಾಯಿ ಮಲದಿಂದ ನಮ್ಮ ಕೈಗೆ, ಬಾಯಿಗೆ ಬಂದರೆ ನಮ್ಮ ಲಿವರಿನಲ್ಲೂ ಗುಳ್ಳೆ ಆಗ್ತದೆ. ಇದೇ ಕಾರಣಕ್ಕೆ ನಾಯಿ ಮಲ ತರಕಾರಿ ಮಡಿಗಾಗಲಿ, ಗೊಬ್ಬರದ ಗುಂಡಿಗಾಗಲಿ ಹಾಕಬ್ಯಾಡ್ರಿ. ದೂರ ತೆಗ್ಗು ತೋಡಿ ಮುಚ್ಚಿರಿ.

ಮೈ ಸರಿ ಇದೆಯಾ ನೋಡೋಕೆ ತಕ್ಕಡಿ ಬೇಕಾಗಿಲ್ಲ. ಪಕ್ಕೆ ಮೇಲೆ ಕೈ ಆಡಿಸಿದರೆ ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು.

ಸರಪಳಿ, ಬಿಸಿಲು, ವಿಷ

ಇಡೀ ದಿನ ಕಟ್ಟಿ ಹಾಕಿದ ನಾಯಿ ಕಾವಲು ಕಾಯಲ್ಲ, ಸಿಟ್ಟು ಬೆಳೆಸ್ಕೊಳ್ತದೆ. ಒಂದು ದಿನ ಹಗ್ಗ ಹರಿದಾಗ ಕಚ್ಚೋದು ನಿಮ್ಮ ಮನೆ ಮಗುವನ್ನೇ. ಬೆಳಿಗ್ಗೆ, ಸಂಜೆ ಹೊಲ ಸುತ್ತೋವಾಗ ಜೊತೆಗೆ ಕರ್ಕೊಂಡು ಹೋಗ್ರಿ, ನಿಮಗೂ ವ್ಯಾಯಾಮ. ಮಧ್ಯಾಹ್ನ ಬೇವಿನ ನೆರಳು, ಮಣ್ಣಿನ ಗಡಿಗೆಯಲ್ಲಿ ತಣ್ಣೀರು ಇರಲಿ. ತಗಡಿನ ಶೆಡ್ಡಿನಲ್ಲಿ ಕಟ್ಟಬ್ಯಾಡ್ರಿ. ಜೊಲ್ಲು ಸುರಿಸಿ ತೂರಾಡಿದರೆ ಬಿಸಿಲಿನ ಹೊಡೆತ. ಮೈಗೆ ನೀರು ಹಾಕಿ, ಗಾಳಿ ಬೀಸಿ, ಡಾಕ್ಟರಿಗೆ ಕರ್ಕೊಂಡು ಹೋಗ್ರಿ.

ಇಲಿಗೆ ಇಡೋ ಜಿಂಕ್ ಫಾಸ್ಫೈಡ್, ಹಂದಿಗೆ ಅಂತ ಇಡೋ ಉರುಳು, ಸಿಡಿಮದ್ದು ನಾಯಿಯನ್ನೂ ಕೊಲ್ತವೆ. ಅಕ್ಕಪಕ್ಕದ ಹೊಲದವರಿಗೆ, "ಕಾಕಾ, ನಮ್ಮ ನಾಯಿ ಅದ, ಔಷಧ ಇಡೋ ದಿನ ಒಂದು ಮಾತು ಹೇಳ್ರಿ" ಅಂತ ಮೊದಲೇ ಹೇಳಿಡ್ರಿ.

ಕಚ್ಚಿದರೆ

ನಮ್ಮ ನಾಯಿ ಕಚ್ಚಲಿ, ಬೇರೆಯವರ ನಾಯಿ ಕಚ್ಚಲಿ, ಗಾಯವನ್ನ ಹರಿಯೋ ನೀರು, ಸಾಬೂನಿನಲ್ಲಿ 15 ನಿಮಿಷ ತೊಳೀರಿ. ಅರಿಶಿಣ, ಖಾರದಪುಡಿ, ಸುಣ್ಣ ಹಚ್ಚಬ್ಯಾಡ್ರಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಿಗೆ ತಪ್ಪದೆ ಎಲ್ಲಾ ಸೂಜಿ ಹಾಕಿಸ್ಕೊಳ್ರಿ. ರೇಬಿಸ್ ಲಕ್ಷಣ ಬಂದ ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನಬಹುದು. ಮನುಷ್ಯರಿಗೆ ಈ ರೋಗ ಬರೋದು ನೂರರಲ್ಲಿ 99 ಪಾಲು ನಾಯಿಯಿಂದಲೇ. ಆದರೆ ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡಾ 70ಕ್ಕೆ ಲಸಿಕೆ ಆದರೆ ರೋಗ ಹರಡೋದು ನಿಲ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ದೇಶ 2030ರೊಳಗೆ ನಾಯಿಯಿಂದ ಬರೋ ರೇಬಿಸ್ ಮುಗಿಸಬೇಕು ಅಂತ ಗುರಿ ಇಟ್ಟುಕೊಂಡಿದೆ. ನೀವು ಹಾಕಿಸೋ ಒಂದು ಸೂಜಿಯೂ ಆ ಲೆಕ್ಕಕ್ಕೆ ಸೇರ್ತದೆ.

ಕೊನೆಗೆ ಒಂದು ಮಾತು

"ಬೆಳೆಗೇ ರೇಟಿಲ್ಲ, ನಾಯಿಗೆಲ್ಲಿಂದ ಖರ್ಚು ಮಾಡೋದು?" ಅನ್ನೋ ಮಾತು ನನಗೂ ಗೊತ್ತು. ಆಗಲ್ಲ ಅನ್ನೋರು ತರಬ್ಯಾಡ್ರಿ, ಅದೂ ಪ್ರಾಮಾಣಿಕ ನಿರ್ಧಾರವೇ. ತಂದು ಅರ್ಧಕ್ಕೆ ಬಿಡೋದು ಮಾತ್ರ ಬ್ಯಾಡ. ನಾಯಿ ಹತ್ತು–ಹನ್ನೆರಡು ವರ್ಷ ಬದುಕ್ತದೆ, ಅಂದರೆ ನಿಮ್ಮ ಏಳೆಂಟು ಬಾಳೆ ಬೆಳೆ ನೋಡ್ತದೆ.

ತರೋರು ಇವತ್ತೇ ಒಂದು ಕೆಲಸ ಮಾಡ್ರಿ: ಮೊಬೈಲ್ ಕ್ಯಾಲೆಂಡರಿನಲ್ಲಿ ಲಸಿಕೆ ದಿನ, ಜಂತಿನ ಔಷಧದ ದಿನ ಹಾಕ್ರಿ, ಲಸಿಕೆ ಕಾರ್ಡಿನ ಫೋಟೊ ತೆಗೆದಿಡ್ರಿ. ಡ್ರಿಪ್ ಬಿಡೋಕೆ, ಮಾರ್ಕೆಟ್ ರೇಟ್ ನೋಡೋಕೆ ಮೊಬೈಲ್ ಹಿಡಿಯೋ ನಮಗೆ ಇದೇನು ದೊಡ್ಡ ಕೆಲಸ ಅಲ್ಲ.