ಆಯುಷ್ಯದ ಲೆಕ್ಕ

ಹಡಗಲಿ ತಾಲೂಕಿನ ಹೊಳಲಿನಲ್ಲಿ ಅನಂತಶಯನನ ಶಿಲಾಮೂರ್ತಿಯು ಶತಮಾನಗಳನ್ನು ಕಂಡೂ ಉಳಿದಿರುವುದು ವಾಚಕರಿಗೆ ವಿದಿತವೇ ಇದೆ. ಇಂದಿನ ಗ್ರಾಮದಾಖಲೆಗಳಿಗೆ ಅಂತಹ ಆಶ್ರಯವಿಲ್ಲ. 2000ದ ಸುಮಾರಿಗೆ ಭೂಮಿ ಯೋಜನೆಯು ರೈತರ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು; ಅಲ್ಲಿಂದೀಚೆಗೆ ಸಹಕಾರಿ ಸಂಘದ ಸಾಲದ ಖಾತೆ, ಶಾಲೆಯ ದಾಖಲೆ, ಪಂಚಾಯತಿಯ ತೆರಿಗೆಪಟ್ಟಿಗಳೂ ಅದೇ ದಾರಿ ಹಿಡಿದಿವೆ. ಇವುಗಳ ಪ್ರತಿಯನ್ನು ಹೊತ್ತ ಹಾರ್ಡ್ ಡಿಸ್ಕನ್ನು ಎಂದು ಬದಲಿಸುವಿರಿ ಎಂದು ಕೇಳಿದರೆ, 'ಇನ್ನೂ ನಡೆಯುತ್ತಿದೆಯಲ್ಲ' ಎಂಬುದೇ ಸಾಮಾನ್ಯವಾದ ಉತ್ತರ. ಕೆಟ್ಟ ಮೇಲೆ ಬುದ್ಧಿ ಬಂದರೆ ಫಲವೇನು?

ಆಯುಷ್ಯವನ್ನು ಎಣಿಸುವುದಕ್ಕೆ ಒಂದು ಶಾಸ್ತ್ರವೇ ಇದೆ. ಅದನ್ನು ಬಲ್ಲವನು ಆಕ್ಚುಯರಿ, ಅಂದರೆ ವಿಮಾಗಣಿತಜ್ಞ. 1693ರಲ್ಲಿ ಹ್ಯಾಲಿ ಎಂಬ ವಿದ್ವಾಂಸನು ಬ್ರೆಸ್ಲಾವ್ ನಗರದ ಜನನ ಮರಣಗಳಿಂದ ಆಯುಷ್ಯದ ಕೋಷ್ಟಕವನ್ನು ರಚಿಸಿದನು. ಇಂಥವನು ಇಂದು ಸಾಯುವನೆಂದು ಯಾರೂ ಹೇಳಲಾರರು. ಸಾವಿರ ಜನರಲ್ಲಿ ಈ ವರ್ಷ ಎಷ್ಟು ಮಂದಿ ಎಂಬುದನ್ನು ಬಹುಮಟ್ಟಿಗೆ ಹೇಳಬಹುದು. ಡಿಸ್ಕಿಗೂ ಇದೇ ನ್ಯಾಯ. ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆಯು 2013ರಲ್ಲಿ ತನ್ನ ಸುಮಾರು 25,000 ಡಿಸ್ಕುಗಳ ಲೆಕ್ಕವನ್ನು ಪ್ರಕಟಿಸಿತು. ಮೊದಲ ಒಂದೂವರೆ ವರ್ಷದಲ್ಲಿ ವರ್ಷಕ್ಕೆ ನೂರಕ್ಕೆ 5, ಮುಂದಿನ ಒಂದೂವರೆ ವರ್ಷದಲ್ಲಿ ನೂರಕ್ಕೆ 1.4, ಮೂರು ವರ್ಷ ದಾಟಿದ ಮೇಲೆ ನೂರಕ್ಕೆ 12ರಷ್ಟು ಕೆಟ್ಟಿದ್ದವು. ಈಚಿನ ಡಿಸ್ಕುಗಳು ಇನ್ನೂ ಗಟ್ಟಿಯಾಗಿವೆಯಾದರೂ ಮುಪ್ಪು ಯಾವುದನ್ನೂ ಬಿಟ್ಟಿಲ್ಲ.

ಆದುದರಿಂದ ನಾಲ್ಕನೆಯ ವರ್ಷ ಹೊಸ ಡಿಸ್ಕನ್ನು ಕೊಂಡು, ಹಳೆಯದನ್ನು ಹೆಚ್ಚಿನ ಪ್ರತಿಯಾಗಿ ಇಡುವುದು ವಿಹಿತ. ನೂರಕ್ಕೆ 12ರ ಅಪಾಯವುಳ್ಳ ಎರಡು ಡಿಸ್ಕುಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ, ಎರಡೂ ಒಂದೇ ವರ್ಷ ಕೆಡುವ ಸಂಭವ ನೂರಕ್ಕೆ ಒಂದೂವರೆಗಿಂತ ಕಡಿಮೆ. ಒಂದೇ ದಿನ ಕೊಂಡು ಒಂದೇ ಕಪಾಟಿನಲ್ಲಿಟ್ಟರೆ ಈ ಲೆಕ್ಕ ನಿಲ್ಲದು. ಒಂದೇ ಬೆಂಕಿ, ಒಂದೇ ಸಿಡಿಲು ಎರಡನ್ನೂ ನುಂಗೀತು. ಒಂದು ಪ್ರತಿ ಬೇರೆ ಊರಿನಲ್ಲಿರಲಿ; ವರ್ಷಕ್ಕೊಮ್ಮೆ ತೆರೆದು ಓದಿ ನೋಡಲಿ. ಡಿಸ್ಕಿನ ಬೆಲೆ ಕೆಲವು ಸಾವಿರ ರೂಪಾಯಿ. ಕಳೆದ ಖಾತೆಗೆ ಬೆಲೆಯೇ ಇಲ್ಲ.

ಈ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗೆ ಜೀವವಿಮೆಯನ್ನು ಏರ್ಪಡಿಸಿತು. ಇಂದಿನ ಕರ್ನಾಟಕ ಸರಕಾರಿ ವಿಮಾ ಇಲಾಖೆಯ ಮೂಲ ಅದೇ. ಆಕ್ಚುಯರಿಗಳ ಸಂಘವು ಭಾರತದಲ್ಲಿ 1944ರಲ್ಲಿ ಸ್ಥಾಪನೆಯಾಗಿ, 2006ರ ಶಾಸನದಿಂದ ಅಧಿಕೃತ ಸಂಸ್ಥೆಯಾಯಿತು. ಹನ್ನೆರಡನೆಯ ತರಗತಿ ಮುಗಿಸಿದವರೂ ಅದರ ಪ್ರವೇಶ ಪರೀಕ್ಷೆಗೆ ಕೂಡಬಹುದು. ಮುಂದಿನ ಪರೀಕ್ಷೆಗಳು ಕಠಿಣ. ಕೆಲಸ ಮಾಡುತ್ತಲೇ ಅವನ್ನು ಮುಗಿಸುವವರು ಬಹಳ. ಆದರೂ ಗಣಿತದಲ್ಲಿ ಜಾಣರಾದ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಯ ಮಕ್ಕಳಿಗೆ ಎಂಜಿನಿಯರಿಂಗು, ವೈದ್ಯ ಇವೆರಡಲ್ಲದೆ ಮೂರನೆಯ ಹೆಸರನ್ನು ಹೇಳುವವರೆಷ್ಟು ಮಂದಿ? ಉಪಾಧ್ಯಾಯರು ಈ ದಾರಿಯನ್ನು ತೋರಿಸಲಿ. ಪಂಚಾಯತಿಗಳು ತಮ್ಮ ಡಿಸ್ಕಿನ ಮೇಲೆ ಕೊಂಡ ದಿನಾಂಕವನ್ನು ಇಂದೇ ಬರೆಯಲಿ. ಎಣಿಸಿ ನಡೆಯುವ ನಾಡು ಕಳೆದುಕೊಳ್ಳುವುದು ಕಡಿಮೆ.